ಕೆಂಪು ಮುಚ್ಚಳದ ಬಾಟಲಿ ಮತ್ತು ಒಂದು ‘ಸಾಕು’

"ಅದನ್ನ ತಗೋಬೇಡಿ..."

ಹಿಂದಿನಿಂದ ಬಂದ ಗಂಡು ದನಿಗೆ ಅವಳ ಕೈ ಅರ್ಧಕ್ಕೇ ನಿಂತಿತು. ಅಂಗಡಿಯ ಕೊನೆಯ ಸಾಲಿನಲ್ಲಿ, ಕಾಲ್ಬೆರಳ ತುದಿಯ ಮೇಲೆ ನಿಂತು, ಮೇಲಿನ ಹಲಗೆಯಿಂದ ಒಂದು ಬಾರ್ಬೆಕ್ಯೂ ಸಾಸ್ ಬಾಟಲಿಯನ್ನು ಇಳಿಸುತ್ತಿದ್ದಳು ಅವಳು.

ತಿರುಗಿ ನೋಡಿದಳು. ತೋಳು ಮಡಚಿದ ಅಂಗಿ, ಕಂಕುಳಲ್ಲಿ ರಟ್ಟಿನ ಪೆಟ್ಟಿಗೆ, ಮುಂಗೈ ಮೇಲೆ ಹಳೆಯ ಸುಟ್ಟ ಕಲೆ. ಬಾಯಿ ತಪ್ಪಿ ಆಡಿಬಿಟ್ಟೆನಲ್ಲಾ ಎಂಬ ಅಳುಕು ಕಣ್ಣಲ್ಲಿತ್ತು.

"ಯಾಕೆ ತಗೋಬಾರದು?"

"ಬರೀ ಸಕ್ಕರೆ ಅದು. ಹೊಗೆ ವಾಸನೆ ಆಮೇಲೆ ಸೇರಿಸಿರ್ತಾರೆ. ನಾನೂ ಸಾಸ್ ಮಾಡ್ತೀನಿ, ಅದಕ್ಕೇ ಹೇಳ್ದೆ."

ಓಹೋ... ಇದಾ ವಿಷಯ! ಹೆತ್ತವರಿಗೆ ಹೆಗ್ಗಣ ಮುದ್ದು. ತನ್ನ ಸರಕು ಮಾರೋದಕ್ಕೆ ಇನ್ನೊಬ್ಬರದ್ದನ್ನ ಹಳಿಯೋ ಜನ!

"ನಿಮ್ಮನ್ನ ಕೇಳಿದ್ನಾ?" ಎಂದವಳೇ ಬಾಟಲಿಯನ್ನು ಬುಟ್ಟಿಗೆ ಹಾಕಿಕೊಂಡು ಸರಸರನೆ ನಡೆದಳು. ನಿಜ ಹೇಳಬೇಕೆಂದರೆ ಆ ಬಾಟಲಿಯ ಮೇಲೆ ಅವಳಿಗೂ ಅಂಥ ನಂಬಿಕೆ ಇರಲಿಲ್ಲ. ಆದರೆ ಹಟಕ್ಕೆ ನಾಲಿಗೆ ಇರುವುದಿಲ್ಲ ನೋಡಿ, ರುಚಿ ಗೊತ್ತಾಗುವುದಿಲ್ಲ.

ಮನೆಗೆ ಬಂದು ಬೆರಳಿಗೆ ಒಂದು ತೊಟ್ಟು ಹಾಕಿಕೊಂಡು ನೆಕ್ಕಿದಳು. ಬರೀ ಸಕ್ಕರೆ. ಆಮೇಲೆ ಸೇರಿಸಿದ ಹೊಗೆ.

‘ಥೂ... ಆ ಮನುಷ್ಯ ಹೇಳಿದ್ದೇ ಸರಿ.’

ಬಾಟಲಿಯನ್ನು ಅಡುಗೆಮನೆಯ ಕಿಟಕಿಯ ಕಟ್ಟೆ ಮೇಲಿಟ್ಟಳು. ಅಲ್ಲಿ ಅದಕ್ಕೆ ಬೇಕಾದಷ್ಟು ಜೊತೆಯಿತ್ತು. ಒಂದು ತೀರಾ ಹುಳಿ. ಒಂದು ಟೊಮೆಟೊ ಬಿಟ್ಟರೆ ಬೇರೇನೂ ಅಲ್ಲ. ಒಂದು ಕಣ್ಣಲ್ಲಿ ನೀರು ತರಿಸಿದ್ದು. ಇನ್ನೊಂದನ್ನು ದೂರದಿಂದ ಅಂಚೆಯಲ್ಲಿ ತರಿಸಿದ್ದಳು, ಅದು ಬರುವಷ್ಟರಲ್ಲಿ ಅರ್ಧ ಸಾಸನ್ನು ಪೆಟ್ಟಿಗೆಯೇ ಕುಡಿದು ಮುಗಿಸಿತ್ತು. ಆ ಮನೆಯಲ್ಲಿ ಅವಳನ್ನು ಬಿಟ್ಟರೆ ಇದ್ದದ್ದು ಆ ಬಾಟಲಿಗಳೇ.

ಒಂದು ಸಾಸಿಗೆ ಇಷ್ಟು ಒದ್ದಾಟವೇ ಅಂತ ನೀವು ಕೇಳಬಹುದು. ಸಾಸಿಗಲ್ಲ, ಅಕ್ಕನಿಗೆ.

ಅಮ್ಮ ತೀರಿಕೊಂಡಾಗ ಅವಳಿಗೆ ಸ್ವಂತ ಜಡೆ ಹಾಕಿಕೊಳ್ಳಲೂ ಬರುತ್ತಿರಲಿಲ್ಲ. ಸಾಕಿದ್ದು ಅಕ್ಕ. ಭಾನುವಾರ ಬಂತೆಂದರೆ ಅಕ್ಕ ಹಿಂಬಾಗಿಲ ಮೆಟ್ಟಿಲ ಮೇಲೆ ಕೆಂಡದ ಒಲೆ ಹೂಡುತ್ತಿದ್ದಳು. ಜಾಲರಿಯ ಮೇಲೆ ಕೋಳಿ ತುಂಡು, ಪಕ್ಕದಲ್ಲಿ ಅಂಗಡಿಯಿಂದ ತಂದ ಕೆಂಪು ಮುಚ್ಚಳದ ಸಾಸ್ ಬಾಟಲಿ. ಕುಂಚದಲ್ಲಿ ಸವರುವುದು, ಮಾತಾಡುವುದು, ಮತ್ತೆ ಸವರುವುದು, ಮತ್ತೆ ಮಾತಾಡುವುದು.

ಆ ಮನೆಯಲ್ಲಿ ‘ಚೆನ್ನಾಗಿದೆ’ ಎಂಬ ಮಾತೇ ಇರಲಿಲ್ಲ. ಉಂಡ ಮೇಲೆ ಹೊಟ್ಟೆಯ ಮೇಲೆ ಕೈಯಿಟ್ಟು, ಕಣ್ಣು ಮುಚ್ಚಿ "ಸಾ...ಕು" ಅಂದರೆ ಮುಗಿಯಿತು, ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಇನ್ನೇನೂ ಬೇಡ, ಜೀವ ತುಂಬಿತು ಅಂತ ಅದರ ಅರ್ಥ.

ಅಕ್ಕ ಹೋದಳು. ಆ ಸಾಸ್ ಮಾಡುತ್ತಿದ್ದವರೂ ಬಾಗಿಲು ಹಾಕಿಕೊಂಡರು. ಅಕ್ಕನ ಫೋಟೊ ಇದೆ, ಸ್ವೆಟರ್ ಇದೆ. ಆದರೆ ಆ ರುಚಿ ದಿನದಿಂದ ದಿನಕ್ಕೆ ನಾಲಿಗೆಯಿಂದ ಜಾರುತ್ತಿತ್ತು. ಅದೂ ಮರೆತುಹೋದರೆ ಅಕ್ಕ ಪೂರ್ತಿ ಹೋದಳೆಂದೇ ಲೆಕ್ಕ, ಎಂಬ ಭಯ ಅವಳಿಗೆ.

ಕೈಚೀಲದ ತಳದಲ್ಲಿ ಒಂದು ಪುಟ್ಟ ಸೀಸೆ ಸಿಕ್ಕಿತು. ಕಪ್ಪು ಮುಚ್ಚಳ, ಮೇಲೆ ವಿಳಾಸ, ಫೋನ್ ನಂಬರ್. ಅಂಗಡಿಯ ಹುಡುಗಿ "ಆ ಸಾಸಿನವರು ನಿಮಗೆ ಕೊಡೋಕೆ ಹೇಳಿದ್ರು" ಎಂದು ನಗುತ್ತಾ ಚೀಲಕ್ಕೆ ಹಾಕಿದ್ದು ಆಗ ನೆನಪಾಯಿತು. ಎಸೆಯಬೇಕೆಂದು ಎತ್ತಿಕೊಂಡವಳು ಯಾಕೋ ಮುಚ್ಚಳ ತೆಗೆದಳು.

ಒಂದು ಹನಿ. ಅವಳು ಹಾಗೇ ಕುರ್ಚಿಯ ಮೇಲೆ ಕುಳಿತುಬಿಟ್ಟಳು. ಆಮೇಲೆ ಸೀಸೆಯ ಮೇಲಿದ್ದ ನಂಬರಿಗೆ ಫೋನ್ ಮಾಡಿದಳು.

"ಹಲೋ... ಇವತ್ತು ಅಂಗಡಿಯಲ್ಲಿ ನಾನು..."

"ಕೋಪ ಮಾಡ್ಕೊಂಡವರು," ಎಂದಿತು ಆ ಕಡೆಯ ದನಿ.

ಅವಳಿಗೆ ನಗು ಬಂತು. ಎಷ್ಟೋ ಕಾಲದ ಮೇಲೆ ಬಂದ ನಗು, ಅವಳಿಗೇ ಹೊಸದೆನಿಸಿತು.

"ಹತ್ತಿರ ಇದೆ. ಆದ್ರೆ ಅದಲ್ಲ."

ಯಾವುದಲ್ಲ ಎಂದು ಅವನು ಕೇಳಿದ. ಅವಳು ಅಕ್ಕನ ವಿಷಯ, ಕೆಂಪು ಮುಚ್ಚಳದ ವಿಷಯ ಹೇಳಿದಳು. ಅವನು ನಡುವೆ ಬಾಯಿ ಹಾಕಲಿಲ್ಲ. ಕೊನೆಗೆ, ಇನ್ನೊಂದು ಮಾಡಿ ಕಳಿಸುತ್ತೇನೆ, ರುಚಿ ನೋಡಿ ಫೋನ್ ಮಾಡಿ ಎಂದಷ್ಟೇ ಅಂದ.

ಹಾಗೆ ಶುರುವಾಯಿತು. ಒಂದು ಪೊಟ್ಟಣ ಬರುವುದು, ಇವಳು ನೆಕ್ಕಿ ನೋಡಿ ಹುಳಿ ಜಾಸ್ತಿ ಎನ್ನುವುದು. ಇನ್ನೊಂದು ಬರುವುದು, ಇವಳು ಸಾಸಿವೆ ಮೂಗಿಗೆ ಹೊಡೆಯುತ್ತಿದೆ ಎನ್ನುವುದು. ಸಾಸಿನ ಮಾತು ಎರಡು ನಿಮಿಷಕ್ಕೆ ಮುಗಿಯುತ್ತಿತ್ತು. ಆಮೇಲಿನ ಮಾತಿಗೆ ಮಾತ್ರ ತಲೆಯೂ ಇಲ್ಲ, ಬುಡವೂ ಇಲ್ಲ.

ಅವಳ ಕೆಲಸ ಕಿವಿಯ ಆಸ್ಪತ್ರೆಯಲ್ಲಿ. ಗಾಳಿಯೂ ಸದ್ದು ಮಾಡದ ಗಾಜಿನ ಕೋಣೆಯೊಳಗೆ ರೋಗಿಯನ್ನು ಕೂರಿಸಿ, ಕಿವಿಗೆ ಸಣ್ಣ ಸಣ್ಣ ದನಿ ಬಿಟ್ಟು, "ಕೇಳಿಸಿದ್ರೆ ಕೈ ಎತ್ತಿ" ಎನ್ನುವುದು. ಇದನ್ನು ಹೇಳಿದಂದಿನಿಂದ ಅವನಿಗೆ ಅದೇ ತಮಾಷೆ. ಅವಳು ಏನೇ ಹೇಳಲಿ, "ಕೈ ಎತ್ತಿದೀನಿ, ನೋಡಿ" ಎನ್ನುವನು. ಕಾಣದ ಆ ಕೈಯನ್ನು ನೆನೆದು ಇವಳು ಒಬ್ಬಳೇ ಅಡುಗೆಮನೆಯಲ್ಲಿ ನಗುವಳು.

ಬರಬರುತ್ತಾ ಅವಳು ಕಾಯುತ್ತಿದ್ದದ್ದು ಸಾಸಿಗಲ್ಲ, ಫೋನಿಗೆ. ಇದು ಅವಳಿಗೆ ಗೊತ್ತಿತ್ತು. ಗೊತ್ತಿಲ್ಲದವಳ ಹಾಗೆ ಇದ್ದಳು, ಅಷ್ಟೇ.

ಒಂದು ದಿನ ಅವನು ಕೇಳಿದ. "ನಿಮ್ಮಕ್ಕ ಸುಡ್ತಾ ಇದ್ದದ್ದು ಹೇಗೆ? ಹದವಾಗಾ?"

ಅವಳು ಯೋಚಿಸಿದಳು. ಸವರುವುದು, ಮಾತಾಡುವುದು... "ಅಯ್ಯೋ, ಇಲ್ಲ. ಮಾತಿನ ಭರದಲ್ಲಿ ಯಾವಾಗ್ಲೂ ಸೀದು ಹೋಗ್ತಿತ್ತು. ಅಂಚೆಲ್ಲ ಕರ್ರಗೆ."

"ಹಾಗಾದ್ರೆ ನೀವು ಹುಡುಕ್ತಿರೋದು ಬಾಟಲಿಯಲ್ಲಿ ಇರ್ಲೇ ಇಲ್ಲ," ಎಂದ ಅವನು ಮೆಲ್ಲಗೆ. "ಅದು ನಿಮ್ಮಕ್ಕನ ಮಾತಿನ ರುಚಿ."

ಅವಳು ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡಳು.

ಮುಂದಿನ ಪೊಟ್ಟಣದಲ್ಲಿ ಬಂದದ್ದು ಕೆಂಪು ಮುಚ್ಚಳದ ಬಾಟಲಿ. ಈರುಳ್ಳಿಯನ್ನೂ ಸಕ್ಕರೆಯನ್ನೂ ಬೇಕೆಂದೇ ಸೀಯಿಸಿ ಮಾಡಿದ್ದ. ಮೊದಲು ಸಿಹಿ, ಆಮೇಲೆ ಹುಳಿ, ಕೊನೆಯಲ್ಲಿ ನಾಲಿಗೆಯ ಬುಡಕ್ಕೆ ಒಂದು ಸಣ್ಣ ಕಹಿ.

ಅಕ್ಕ!

ಮೆಟ್ಟಿಲು, ಹೊಗೆ, ಅಕ್ಕನ ಮುಗಿಯದ ಮಾತು, ಎಲ್ಲವೂ ಒಮ್ಮೆಲೇ ಬಂದವು. ಕೂಡಲೇ ಫೋನ್ ಮಾಡಿದಳು.

"ಬಂತಾ?" ಎಂದ ಅವನು.

"ಸಾಕು..." ಎಂದಳು. "ಇನ್ನು... ಸಾಕು."

ಅಳು ಅವನಿಗೆ ಕೇಳಿಸಬಾರದೆಂದು ಫೋನ್ ಇಟ್ಟುಬಿಟ್ಟಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವಳು ಆಡಿದ್ದು ಅಕ್ಕನ ಮನೆಯ ‘ಸಾಕು’. ಅವನು ಕೇಳಿಸಿಕೊಂಡದ್ದು ಬೇರೆಯದು. ಅವನ ಹೆಂಡತಿಯಾಗಿದ್ದವಳು ಬಟ್ಟೆಯ ಪೆಟ್ಟಿಗೆ ಹಿಡಿದು ಹೊಸಿಲ ಮೇಲೆ ನಿಂತು ಕೊನೆಯದಾಗಿ ಹೇಳಿ ಹೋದದ್ದೂ ಅದೇ ಒಂದು ಮಾತು. ಬಿಸಿ ಹಾಲಿಗೆ ಬಾಯಿ ಸುಟ್ಟುಕೊಂಡ ಬೆಕ್ಕು ತಣ್ಣಗಿನ ಹಾಲು ಕಂಡರೂ ಓಡುತ್ತದೆ. ಅವನು ಫೋನನ್ನು ಮಗುಚಿಟ್ಟು ಒಲೆಯ ಕಡೆ ತಿರುಗಿದ.

ಇವಳು ಕಾದಳು. ಆ ದಿನ, ಮಾರನೆಯ ದಿನ, ಆ ವಾರವೆಲ್ಲ.

ತಾನೇ ಫೋನ್ ಮಾಡಬಹುದಿತ್ತಲ್ಲ ಅಂತೀರಾ? ನಾನೂ ಅದನ್ನೇ ಅಂತೀನಿ. ಆದರೆ ಅವಳ ಮನಸ್ಸು ಬೇರೆ ದಾರಿ ಹಿಡಿದಿತ್ತು. ‘ಸಾಸ್ ಸಿಕ್ಕಿತು, ಅವರ ಕೆಲಸ ಮುಗೀತು. ಗಿರಾಕಿ ಮೇಲೆ ಮಮಕಾರ ಎಷ್ಟು ದಿನ ಇರುತ್ತೆ? ನಾನೇ ಏನೇನೋ ಅಂದ್ಕೊಂಡೆ...’

ಭಾನುವಾರ ಒಬ್ಬಳೇ ಕೆಂಡ ಮಾಡಿದಳು. ಕೋಳಿ ತುಂಡಿಗೆ ಕೆಂಪು ಮುಚ್ಚಳದ ಸಾಸ್ ಸವರಿದಳು. ರುಚಿಯಲ್ಲಿ ಒಂದೆಳೆಯೂ ವ್ಯತ್ಯಾಸವಿಲ್ಲ. ತಿಂದು, ಹೊಟ್ಟೆಯ ಮೇಲೆ ಕೈಯಿಟ್ಟು, ಕಣ್ಣು ಮುಚ್ಚಿ ಆ ಮಾತನ್ನು ಆಡಲು ನೋಡಿದಳು.

ಬರಲಿಲ್ಲ.

ಮೆಟ್ಟಿಲ ಮೇಲೆ ಒಂದೇ ತಟ್ಟೆ. ಅತ್ತ ಪಕ್ಕದ ಮನೆಯವರು ಯಾವುದಕ್ಕೋ ಒಟ್ಟಿಗೆ ನಗುತ್ತಿದ್ದರು. ಹುಡುಕಿದ್ದು ಸಿಕ್ಕಿದ ಮೇಲೂ ಹಸಿವು ಹಾಗೇ ಇತ್ತು. ತಟ್ಟೆ ತೊಳೆದಿಟ್ಟು ಒಳಗೆ ಹೋಗಿ ಅಕ್ಕನ ಸ್ವೆಟರ್ ಹೊದ್ದು ಮಲಗಿದಳು.

ಆಸ್ಪತ್ರೆಯಲ್ಲಿ ಊಟದ ಹೊತ್ತಿಗೆ ಅವಳು ಗಾಜಿನ ಕೋಣೆ ಸೇರಿಕೊಳ್ಳತೊಡಗಿದಳು. ಫೋನನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂರುವುದು. ಡಾಕ್ಟರಮ್ಮ ಕೆಲವು ದಿನ ನೋಡಿದರು. ವಯಸ್ಸಾದ ಹೆಂಗಸು, ನಾಲಿಗೆ ಸ್ವಲ್ಪ ಚೂಪು. ಒಂದು ದಿನ ಬಾಗಿಲು ತೆರೆದೇ ಬಿಟ್ಟರು.

"ಆ ಡಬ್ಬಿಯೊಳಗೆ ಫೋನಿಗೆ ಸಿಗ್ನಲ್ಲೇ ಬರಲ್ಲ ಕಣೆ."

"ಗೊತ್ತು... ಇಲ್ಲಿದ್ರೆ, ಸಿಗ್ನಲ್ ಇಲ್ಲ ಅದಕ್ಕೇ ಬರ್ಲಿಲ್ಲ ಅಂತ ಅಂದ್ಕೋಬಹುದು."

ಡಾಕ್ಟರಮ್ಮನ ಮುಖ ಮೆತ್ತಗಾಯಿತು. ಬಿಡಿಸಿ ಬಿಡಿಸಿ ಕೇಳಿ ಎಲ್ಲ ಹೊರತೆಗೆದರು. ಆಮೇಲೆ ಕೇಳಿದರು. "ರೋಗಿ ಕೈ ಎತ್ತದೇ ಇದ್ರೆ ನೀನೇನು ಮಾಡ್ತೀಯ? ಮನೆಗೆ ಕಳಿಸಿಬಿಡ್ತೀಯಾ?"

"ಇಲ್ಲ... ದನಿ ಜಾಸ್ತಿ ಮಾಡ್ತೀನಿ."

"ಮತ್ತೆ?" ಎಂದವರು ಮಧ್ಯಾಹ್ನದ ರಜೆ ಕೊಟ್ಟು ಕಳಿಸಿದರು.

ಬಾಟಲಿಯ ಚೀಟಿಯಲ್ಲಿದ್ದ ವಿಳಾಸ ಹಿಡಿದು ಅವಳು ಹೊರಟಳು. ಮುಚ್ಚಿಹೋದ ಬೇಕರಿಯೊಂದರ ಹಿಂದಿನ ಕೋಣೆ ಅದು. ದೊಡ್ಡ ಸ್ಟೀಲ್ ಪಾತ್ರೆಯಲ್ಲಿ ಸಾಸ್ ಕುದಿಯುತ್ತಿತ್ತು. ಅವನು ಬೆನ್ನು ಹಾಕಿ ನಿಂತು ಕೈಯಾಡಿಸುತ್ತಿದ್ದ. ಗೋಡೆಗೆ ಸಾಲಾಗಿ ಜೋಡಿಸಿದ ಬಾಟಲಿಗಳಿಗೆಲ್ಲ ಕಪ್ಪು ಮುಚ್ಚಳ. ಮೂಲೆಯಲ್ಲಿ ಮಾತ್ರ ಬಾಯಿ ಬಿಚ್ಚಿದ ಒಂದು ಮೂಟೆ, ಅದರ ತುಂಬ ಕೆಂಪು ಮುಚ್ಚಳ.

"ಒಂದು ಬಾಟಲಿ ಬೇಕಿತ್ತು," ಎಂದಳು.

ಸೌಟು ನಿಂತಿತು. ಅವನು ತಿರುಗಿ ನೋಡಿ, ಮತ್ತೆ ಪಾತ್ರೆಯ ಕಡೆ ಮುಖ ಮಾಡಿದ. "ಸಾಕು ಅಂದ್ರಲ್ಲ."

"ಅಂದೆ. ಅದಕ್ಕೆ?"

"ನಂಗೆ ಆ ಮಾತು ಚೆನ್ನಾಗಿ ಗೊತ್ತು." ಹೆಂಡತಿ ಹೋದ ದಿನದ ಮಾತನ್ನು ಅವನು ಎರಡೇ ವಾಕ್ಯದಲ್ಲಿ ಹೇಳಿ ಮುಗಿಸಿದ. "ಯಾಕೆ ಅಂತ ಇನ್ನೊಂದು ಸಲ ಕೇಳೋ ಧೈರ್ಯ ನಂಗಿರ್ಲಿಲ್ಲ."

ಅವಳು ಬೆಪ್ಪಾಗಿ ನಿಂತಳು. ಇಷ್ಟು ದಿನದ ಮೌನ, ಇಬ್ಬರ ಉಪವಾಸ, ಎಲ್ಲ ಎರಡಕ್ಷರಕ್ಕೆ! ನಗಬೇಕೋ ಅಳಬೇಕೋ ತಿಳಿಯದೆ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು.

"ನಮ್ಮನೇಲಿ ಸಾಕು ಅಂದ್ರೆ ಹೀಗೆ. ಇನ್ನೇನೂ ಬೇಡ, ಜೀವ ತುಂಬಿತು ಅಂತ. ಅದಕ್ಕಿಂತ ದೊಡ್ಡ ಮಾತು ನಮ್ಮಕ್ಕ ನಂಗೆ ಕಲಿಸ್ಲಿಲ್ಲ."

ಬಿಗಿದಿದ್ದ ಅವನ ಭುಜ ಇಳಿಯಿತು.

"ಆ ಮುಚ್ಚಳ?" ಮೂಟೆಯ ಕಡೆ ನೋಡಿ ಕೇಳಿದಳು.

"ಒಂದೇ ಒಂದು ಮುಚ್ಚಳ ಯಾರೂ ಮಾರಲ್ಲ," ಎಂದ ಅವನು ನಾಚಿಕೊಂಡು. "ಮೂಟೇನೇ ತರ್ಬೇಕಾಯ್ತು."

ಒಬ್ಬಳ ಒಂದು ಬಾಟಲಿಗೆ ಒಂದು ಮೂಟೆ ಮುಚ್ಚಳ. ಅವಳ ಕಣ್ಣು ತುಂಬಿ ಬಂತು. ಅವನು ಒಲೆಯ ಉರಿ ತಗ್ಗಿಸಲು ಬಗ್ಗಿದ. ಅವನ ಮುಖ ಕಾಣದ ಆ ಕ್ಷಣದಲ್ಲೇ ಅವಳಿಗೆ ಧೈರ್ಯ ಬಂತು.

"ಸಾಸ್ ಸಿಕ್ಕಿದ್ರೆ ಎಲ್ಲ ಸರಿಹೋಗುತ್ತೆ ಅಂದ್ಕೊಂಡಿದ್ದೆ. ಹೋಗ್ಲಿಲ್ಲ." ಆಮೇಲೆ, ಆಸ್ಪತ್ರೆಯಲ್ಲಿ ರೋಗಿಯ ಕಿವಿಗೆ ಬಿಡುವ ಅತಿ ಸಣ್ಣ ದನಿಗಿಂತಲೂ ಸಣ್ಣಗೆ, "ನೀವು ಬೇಕು," ಎಂದಳು.

ಸಾಸ್ ಕೊತಕೊತ ಕುದಿಯುತ್ತಿತ್ತು. ಕೇಳಿಸಿತೋ ಇಲ್ಲವೋ!

ಅವನು ತಿರುಗಲಿಲ್ಲ. ಬಗ್ಗಿದಲ್ಲಿಂದಲೇ ಅವನ ಬಲಗೈ ನಿಧಾನವಾಗಿ ಮೇಲೆದ್ದಿತು. ಸೌಟು ಕೈಯಲ್ಲೇ ಇತ್ತು, ಸಾಸ್ ಮೊಣಕೈವರೆಗೂ ಇಳಿಯುತ್ತಿತ್ತು.

ಆ ಭಾನುವಾರ ಹಿಂಬಾಗಿಲ ಮೆಟ್ಟಿಲ ಮೇಲೆ ಎರಡು ತಟ್ಟೆ. ಕೆಂಡದ ಮುಂದೆ ಅವಳು ಕುಂಚ ಹಿಡಿದು ಅಕ್ಕನ ಕಥೆ ಹೇಳುತ್ತಿದ್ದಳು. ಸವರುವುದು, ಮಾತಾಡುವುದು. ಸೀದ ವಾಸನೆ ಬಂದಾಗಲೇ ಇಬ್ಬರಿಗೂ ಎಚ್ಚರ. ಅಂಚೆಲ್ಲ ಕರ್ರಗಾಗಿತ್ತು.

ಅವನು ಒಂದು ಚೂರೂ ಬಿಡದೆ ತಿಂದ. ಆಮೇಲೆ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕಣ್ಣು ಮುಚ್ಚಿದ. ತುಟಿ ಅಲುಗಿತು, ಮಾತು ಬರಲಿಲ್ಲ. ವರ್ಷಗಳಿಂದ ಅವನು ಬಾಯಿಗೆ ತಾರದ ಮಾತದು. ಅವಳು ಅವಸರ ಮಾಡಲಿಲ್ಲ.

"ಸಾ...ಕು," ಎಂದ ಕೊನೆಗೆ. ದನಿ ಒಡೆದಿತ್ತು. ಕಣ್ಣು ತೆರೆಯದೆಯೇ ಕೇಳಿದ. "ಕೇಳಿಸ್ತಾ?"

"ಕಣ್ಣು ಬಿಟ್ಟು ನೋಡಿ," ಎಂದಳು ಅವಳು.

ಅವಳ ಮಸಿ ಮೆತ್ತಿದ ಕೈ ಮೇಲೆದ್ದಿತ್ತು.