ಫೈನಲ್ ದಿನದ ಟಗರು

ಸಿದ್ಧರಾಮನ ಟಗರು ಸಿಂದಗಿಯಲ್ಲಿ ಸೋತಿತು, ಮುದ್ದೇಬಿಹಾಳದಲ್ಲಿ ಸೋತಿತು, ಇಂಡಿಯಲ್ಲಂತೂ ಮೂರನೇ ಡಿಕ್ಕಿಗೇ ಬೆನ್ನು ತಿರುಗಿಸಿ ಜನರ ಕಾಲೊಳಗೆ ನುಗ್ಗಿತು. ಮೂರು ಸಲವೂ ಎದುರಿಗಿದ್ದದ್ದು ಅವನದೇ ಊರಾದ ತಾಂಬಾದ, ಅವನದೇ ಓಣಿಯ ಅಮೋಘಸಿದ್ಧನ ಕರಿಟಗರು. ಸೋಲನ್ನಾದರೂ ನುಂಗಿಕೊಳ್ಳಬಹುದಿತ್ತು. ಅಮೋಘಸಿದ್ಧ ಪ್ರತಿಸಲ ಬಂದು ಹೆಗಲ ಮೇಲೆ ಕೈಯಿಟ್ಟು, "ನಿಂದೂ ಛಲೋ ಐತಿ ಬಿಡೋ ತಮ್ಮಾ" ಎನ್ನುತ್ತಿದ್ದನಲ್ಲ, ಅದು ಗಂಟಲಲ್ಲೇ ಸಿಕ್ಕಿಕೊಂಡಿತ್ತು. ಮುಂದಿನ ವಾರ ಬಸವನ ಬಾಗೇವಾಡಿಯಲ್ಲಿ ಕಾಳಗ. ನಾಲ್ಕನೇ ಸಲ ಆ ಕೈ ತನ್ನ ಹೆಗಲ ಮೇಲೆ ಬೀಳಬಾರದು ಎಂದು ಸಿದ್ಧರಾಮ ನಿರ್ಧರಿಸಿದ.

ಕರಿಟಗರನ್ನು ಕದಿಯುವುದೆಂದಾಯಿತು. ರಾತ್ರಿ ಕದಿಯುವವರು ದಡ್ಡರು. ನಾಯಿಗಳಿಗೆ ರಾತ್ರಿ ಬೇರೆ ಕೆಲಸ ಇರುವುದಿಲ್ಲ. ಅವನು ಆರಿಸಿಕೊಂಡದ್ದು ಭಾನುವಾರ ಮಧ್ಯಾಹ್ನದ ಕ್ರಿಕೆಟ್ ಫೈನಲ್. ಎರಡು ಗಂಟೆಗೆ ಆಟ ಶುರುವಾದರೆ ಊರಿನಲ್ಲಿ ಕೋಳಿಗಳನ್ನು ಬಿಟ್ಟು ಯಾರೂ ಹೊರಗಿರುವುದಿಲ್ಲ.

ತಾನು ಮನೆಯಲ್ಲೇ ಇದ್ದೆನೆಂಬುದಕ್ಕೆ ಸಾಕ್ಷಿಯಾಗಿ ಟಿವಿ ಇತ್ತು. ಡಿಶ್ ಅಲ್ಲ. ಡಿಶ್ ಮೋಡ ಕವಿದರೆ ಮುನಿಸಿಕೊಳ್ಳುತ್ತದೆ, ಮೇಲಾಗಿ ಯಾರು ಏನು ನೋಡಿದರೆಂಬ ಗುರುತು ಅದರಲ್ಲಿ ಉಳಿಯುವುದಿಲ್ಲ. ನೆಟ್ ಮೇಲೆ ಲೈವ್ ತೋರಿಸುವ ಆ್ಯಪ್ ಹಾಗಲ್ಲ. ಯಾವ ಮನೆಯಲ್ಲಿ ಯಾವ ಆಟ ಓಡಿತೆಂದು ಕಂಪನಿಯ ಕಂಪ್ಯೂಟರೇ ಹೇಳುತ್ತದೆ. ಹೆಂಡತಿ ವಿದ್ಯಾವತಿ ಎರಡು ವರ್ಷ ಗೋಗರೆದಾಗ "ಓಣಿ ಮಂದಿ ಡಿಶ್ ಕಿತ್ತು ಒಗದಾರಂತ ನಾವೂ ಒಗೀಬೇಕೇನು?" ಎಂದು ಬೈದಿದ್ದವನು, ಈ ಸಲ ತಾನೇ ಊರಿಗೆ ನೆಟ್ ಕೊಡುವ ಯಂಕಪ್ಪನಿಂದ ಮನೆಗೆ ತಂತಿ ಎಳೆಸಿ, ಆ್ಯಪನ್ನು ಇಡೀ ವರ್ಷಕ್ಕೆ ತಗೊಂಡ. ಅವಳು ಕಣ್ಣರಳಿಸಿದಳು. ಅದೇ ಖುಷಿಯಲ್ಲಿ ಅವಳನ್ನು ತವರುಮನೆ ತಂಗಡಗಿಗೆ ಕಳಿಸಿಕೊಟ್ಟ.

ಭಾನುವಾರ ಊಟ ಮುಗಿಸಿ, ಗೋಡೆಗೆ ಗೋಡೆ ಹತ್ತಿದ ಪಕ್ಕದ ಮನೆಯ ಕಸ್ತೂರೆವ್ವನಿಗೆ ಹೇಳಿದ: "ಆಟ ಮುಗಿಯೂತನಾ ಬಾಗಿಲಾ ಬಡೀಬ್ಯಾಡ್ರಿ ಕಾಕಿ. ಯಾರರ ಒಳಗ ಬಂದ್ರ ವಿಕೆಟ್ ಬೀಳ್ತೈತಿ." ಇದನ್ನು ಇಡೀ ಓಣಿ ನಂಬುತ್ತದೆ. ಟಿವಿಯ ಸದ್ದನ್ನು ಆ ಗೋಡೆ ನಡುಗುವಷ್ಟು ಏರಿಸಿದ. ಮೊಬೈಲನ್ನು ಟಿವಿ ಪಕ್ಕದಲ್ಲೇ ಬಿಟ್ಟ. ಪೊಲೀಸರು ಟವರ್ ನೋಡುತ್ತಾರೆಂದು ಅವನಿಗೆ ಗೊತ್ತಿತ್ತು. ಹಿತ್ತಲಿನಿಂದ ಹೊರಟ.

ಎಲ್ಲವೂ ಎಣಿಸಿದಂತೆಯೇ ಆಯಿತು. ತೋಟದಲ್ಲಿ ನಿಂಬೆಹಣ್ಣು ಸಾಗಿಸುವ ತನ್ನ ಟೆಂಪೋ, ದೊಡ್ಡಿಯಲ್ಲಿ ಒಂಟಿ ಟಗರು, ಕೈಯಲ್ಲಿ ನೆನೆಸಿದ ಹುರುಳಿ. ಮೂರು ಸಲ ತನ್ನ ಮಾನ ಕಳೆದ ಪ್ರಾಣಿ ಒಂದು ಬೊಗಸೆ ಹುರುಳಿಗಾಗಿ ತಾನೇ ಹಲಗೆ ಹತ್ತಿತು. ಅದನ್ನು ತಾಡಪತ್ರಿಯ ಕೆಳಗೆ ಕಟ್ಟಿ ಝಳಕಿಗೆ ಗಾಡಿ ಹೊಡೆದ. ಅಲ್ಲಿ ಹೆದ್ದಾರಿ ಪಕ್ಕ ಸೊಲ್ಲಾಪುರದ ಕಡೆಯ ವ್ಯಾಪಾರಿಗೆ ದಾಟಿಸಿ, ಟೆಂಪೋವನ್ನು ತೋಟದಲ್ಲಿ ಬಿಟ್ಟು, ಆರಕ್ಕೆಲ್ಲ ಮನೆಯೊಳಗಿದ್ದ. ಟಿವಿ ಮೊದಲಿನ ಅಬ್ಬರದಲ್ಲೇ ಕೂಗುತ್ತಿತ್ತು. ತಪ್ಪಿದ ಆಟವನ್ನು ಮೊಬೈಲಿನ ತುಣುಕುಗಳಲ್ಲಿ ನೋಡಿ ಬಾಯಿಪಾಠ ಮಾಡಿದ. ಉಳಿದದ್ದನ್ನು ನಿಜವಾಗಿಯೇ ನೋಡಿದ. ವರ್ಷದ ಚಂದಾ ದುಬಾರಿ ಅನ್ನಿಸಲಿಲ್ಲ.

ಬೆಳಗ್ಗೆ ಅಮೋಘಸಿದ್ಧ ಪೊಲೀಸ್ ಇಜಾಜನನ್ನು ಕರೆದುಕೊಂಡು ಓಣಿಗೆ ಬಂದ. ಅತ್ತು ಅತ್ತು ಕಣ್ಣು ಕೆಂಪಾಗಿದ್ದವು. ಸಿದ್ಧರಾಮ ಅವನ ಹೆಗಲ ಮೇಲೆ ಕೈಯಿಟ್ಟ. ಬಹಳ ದಿನದ ಆಸೆ ಅದು. ಆಮೇಲೆ ಇಜಾಜ ಕೇಳುವ ಮೊದಲೇ ಇಡೀ ಪಂದ್ಯವನ್ನು ಓವರಿಗೆ ಓವರ್ ಒಪ್ಪಿಸಿದ.

ಇಜಾಜ ಪುಸ್ತಕ ಮಡಚಿದ. "ನಮ್ಮ ಮನ್ಯಾಗೂ ಆ ಲೈವ್ ಆ್ಯಪ್ ಹಾಕ್ಸಂತ ಗಂಟಬಿದ್ದಾರ್ರಿ. ರೊಕ್ಕಕ್ಕ ಮೋಸ ಇಲ್ಲಲ್ರಿ?"

"ಚಿಂತಿ ಇಲ್ದ ತಗೋರಿ ಸಾಹೇಬ್ರ. ನಿನ್ನಿ ಎರಡರಿಂದ ಕಪ್ ಕೊಡೂತನಾ ಒಂದು ಗಳಿಗಿ ಸುದ್ದಾ ನಿಂದರಲಿಲ್ಲ. ಕಾಕಿನ್ನ ಕೇಳ್ರಿ ಬೇಕಾದ್ರ."

ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದ ಕಸ್ತೂರೆವ್ವ ಮೊರ ಕೆಳಗಿಟ್ಟಳು. "ನಿಂದೊಂದ ಹೆಂಗ ಬಂತೋ? ಮೂರಕ್ಕ ಊರಿಂದೆಲ್ಲಾ ನೆಟ್ ಹೋಗಿ ಐದೂವರಿಗೆ ಬಂತು. ನಿನ್ನ ಟಿವಿನೂ ಗಪ್ ಆಗಿ, ನೆಟ್ ಬಂದ ಮ್ಯಾಲನ ಮತ್ತ ಒದರಾಕತ್ತಿತು. ಇಡೀ ಓಣಿ ಇಲ್ಲೇ ಕಟ್ಟಿ ಮ್ಯಾಲ ಕುಂತಿತ್ತು, ನೀ ಒಬ್ಬನ ಬರಲಿಲ್ಲ." ಅವಳಿಗೆ ಮಾತಿನ ಓಘ ಸಿಕ್ಕಿತ್ತು. "ಅಮೋಘಸಿದ್ಧನ ದೊಡ್ಡಿ ಹಾದ್ಯಾಗ ಬೇವಿನ ಗಿಡಕ್ಕ ಜೋತುಬಿಟ್ಟ ತಂತಿ ಐತೆಲ್ರಿ, ಅದನ್ನ ಯಾವುದೋ ತಾಡಪತ್ರಿ ಗಾಡಿ ಹರಕೊಂಡು ಹೋಗೇತಂತ. ಬ್ಯಾರೆ ತಂತಿ ಜೋಡಿಸಿದ ನೆಟ್ಟಿನ ಯಂಕಪ್ಪ, ಗಾಡಿಗೆ ಸಿಕ್ಕು ಹೋದ ತಂತಿ ತುಂಡು ಮುಂಜಾನಿಂದ ಹುಡುಕಾಕತ್ತಾನ." ಇಜಾಜ ಮಡಚಿದ ಪುಸ್ತಕವನ್ನು ಮತ್ತೆ ತೆರೆದು, ಟೆಂಪೋ ಎಲ್ಲಿ ನಿಲ್ಲಿಸಿದ್ದೀರಿ ಎಂದು ಸಿದ್ಧರಾಮನನ್ನು ಕೇಳಿದ.