ಐದು ನಲವತ್ತೆರಡರ ಚೀಟಿ

ಅಂತ್ಯಕ್ರಿಯೆಗೆ ಬಂದವರೆಲ್ಲ ಹೊರಟುಹೋದ ಮೇಲಿನ ಮೊದಲ ಮಾಮೂಲಿ ಬೆಳಿಗ್ಗೆ ಅದು. ಅವಳು ಎರಡು ಲೋಟ ಕಾಫಿ ಮಾಡಿದಳು. ಒಂದನ್ನು ಅತ್ತೆಗೆ ಕೊಟ್ಟಳು. ತಾನು ಬೆಳಿಗ್ಗೆ ಕಾಫಿ ಕುಡಿಯುವವಳಲ್ಲ ಎಂಬುದು ಎರಡನೆಯ ಲೋಟ ಕೈಯಲ್ಲಿ ಹಿಡಿದಾಗ ನೆನಪಾಯಿತು.

ಆಗಲೇ ಗ್ರಂಥಾಲಯದ ಲಕೋಟೆ ಬಂತು.

ಅವಳ ಗಂಡ ಅಲ್ಲಿ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುತ್ತಿದ್ದ. ಹನ್ನೊಂದು ದಿನಗಳ ಹಿಂದೆ, ಸಂಜೆ ಆರಕ್ಕೆ, ಅದರ ಗೇಟಿನ ಎದುರಿಗೇ ಲಾರಿಗೆ ಸಿಕ್ಕು ಸತ್ತಿದ್ದ. ಪತ್ರದಲ್ಲಿ ನಾಲ್ಕು ಸಾಲು. ಅದೇ ಸಂಜೆ ಹಳೆಯ ಪತ್ರಗಳ ಸಂಗ್ರಹದಲ್ಲಿ ನಾಲ್ಕು ಸಾವಿರದ ಎಂಟುನೂರ ಎಂಬತ್ತು ಪತ್ರಗಳ ವಿವರದ ಕಾರ್ಡುಗಳು ಕಂಪ್ಯೂಟರಿನಿಂದ ಅಳಿಸಿಹೋಗಿವೆ. ಕಾರಣ, ಮೃತ ಸಿಬ್ಬಂದಿಯ ನಿರ್ಲಕ್ಷ್ಯ. ಮನೆಯವರು ಓದಿ ಸಹಿ ಮಾಡಿ ಕಳಿಸತಕ್ಕದ್ದು.

“ಏನಂತೆ?” ಅತ್ತೆ ಕೇಳಿದರು.

“ಲೈಬ್ರರಿಯಲ್ಲಿ ಏನೋ ಹಾಳಾಗಿದೆಯಂತೆ.”

“ನನ್ನ ಮಗ ಮಾಡಿದ್ದು ಅಂತಾನಾ?”

ಅವಳು ಪತ್ರವನ್ನು ಮಡಚಿ ಲಕೋಟೆಗೆ ಹಾಕಿದಳು.

“ಸತ್ತವನ ಬೆನ್ನು ಅಗಲ ಕಣೆ. ಯಾರು ಏನು ಬೇಕಾದ್ರೂ ಹೊರಿಸ್ಬಹುದು.” ಅತ್ತೆ ಲೋಟ ಕೆಳಗಿಟ್ಟರು. “ಸಹಿ ಹಾಕ್ಬೇಡ. ಹೋಗಿ ನೋಡ್ಕೊಂಡು ಬಾ. ಅವನೇ ಮಾಡಿದ್ರೆ, ಅವನೇ ಅಂತ ನನಗೆ ಬಂದು ಹೇಳು.”

ಅವಳು ಗಂಡನ ಚೀಲ ಹೆಗಲಿಗೆ ಹಾಕಿಕೊಂಡಳು. ಅದರಲ್ಲಿ ಹಕ್ಕಿಗಳ ವಲಸೆಯ ಬಗ್ಗೆ ಒಂದು ಪುಸ್ತಕವಿತ್ತು. ಅವನು ಸತ್ತ ದಿನ ಬೆಳಿಗ್ಗೆ ಅವಳೇ ಬೇಕೆಂದು ಹೇಳಿದ್ದ ಪುಸ್ತಕ. ‘ಇವತ್ತೂ ಮರೆತು ಬಂದ್ರೆ ಬಾಗಿಲು ತೆಗೆಯಲ್ಲ’ ಎಂದಿದ್ದಳು. ಆಸ್ಪತ್ರೆಯಲ್ಲಿ ಅದನ್ನು ಗ್ರಂಥಾಲಯದ ಗೇಟು ಕಾಯುವ ತಾತ ತಂದು ಅವಳ ಮಡಿಲಲ್ಲಿ ಇಟ್ಟಿದ್ದ.

*

“ನೀವು ಬರಬೇಕಾಗಿರ್ಲಿಲ್ಲ ಅಮ್ಮಾ,” ಎಂದರು ಗ್ರಂಥಾಲಯದ ಮುಖ್ಯಸ್ಥರು. “ಸಹಿ ಮಾಡಿ ಕಳಿಸಿದ್ರೆ ಸಾಕಿತ್ತು.”

“ಸಹಿಗೆ ಮುಂಚೆ ಏನಾಯ್ತು ಅಂತ ತಿಳ್ಕೋಬೇಕು ಸರ್.”

ಅವರು ಪರದೆಯನ್ನು ಅವಳ ಕಡೆ ತಿರುಗಿಸಿದರು. ಒಂಬತ್ತು ಸಾವಿರ ಪತ್ರಗಳು. ಪ್ರತಿ ಪತ್ರಕ್ಕೂ ಎರಡು ಕಾರ್ಡು — ತಪ್ಪುಗಳಿದ್ದ ಹಳೆಯದೊಂದು, ತಿದ್ದಿ ಬರೆದ ಹೊಸದೊಂದು. ಹಳೆಯದನ್ನು ಅಳಿಸಬೇಕಿತ್ತು. ಮುಗಿದ ಕೆಲಸಗಳ ಪಟ್ಟಿಯಲ್ಲಿ ಅವಳ ಗಂಡನ ಹೆಸರಿನ ಮುಂದೆ ಹೀಗಿತ್ತು: ಆರಂಭ ೫.೪೩, ಆರನೆಯ ಟರ್ಮಿನಲ್, ಹೊಸದನ್ನು ಅಳಿಸು.

“ಆತುರದಲ್ಲಿ ಉಲ್ಟಾ ಒತ್ತಿ ಹೊರಟಿದ್ದಾರೆ. ಆರಕ್ಕೆ ಗೇಟಿನ ಎದುರು... ಹೊತ್ತು ಸರಿಯಾಗಿ ಕೂಡುತ್ತಲ್ಲ?”

“ಹೊಸದು ಅಳಿಸಿದ್ರೆ ಹಳೆಯದಾದ್ರೂ ಉಳೀಬೇಕಲ್ಲ ಸರ್?”

“ಅದೇ ತಿಳೀತಿಲ್ಲ. ಎರಡೂ ಇಲ್ಲ. ರಾತ್ರಿ ನಕಲು ತೆಗೆಯೋ ಯಂತ್ರವೂ ಆ ಬರಿದನ್ನೇ ನಕಲು ಮಾಡ್ಕೊಂಡಿದೆ.”

ಬಾಗಿಲ ಬಳಿ ಯಾರೋ ಕೆಮ್ಮಿದರು. ಮೇಷ್ಟ್ರು. ಹೊಸ ಕಾರ್ಡುಗಳನ್ನೆಲ್ಲ ಬರೆದವರು ಅವರೇ.

“ಒಂಬತ್ತು ವರ್ಷ,” ಎಂದರು. “ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯ್ತು. ಆ ಯಂತ್ರ ನಂಬ್ಬೇಡಯ್ಯಾ ಅಂತ ಅವನ ಹತ್ರ ದಿನಾ ಜಗಳ ಆಡ್ತಿದ್ದೆ.”

“ಆ ಸಂಜೆಯೂ ಆಡಿದ್ರಾ?”

“ಆಡ್ದೆ. ಏನೀಗ? ನನ್ನ ಮಕ್ಕಳನ್ನ ನಾನೇ ಕತ್ತು ಹಿಸುಕ್ತೀನಾ?”

“ಎಲ್ಲಾ ಕಾರ್ಡೂ ಹೋಯ್ತಾ ಮೇಷ್ಟ್ರೆ? ಒಂದರಿಂದ ಹಿಡಿದು?”

ಅವರ ದನಿ ತಗ್ಗಿತು. “ಇಲ್ಲ. ನಾಲ್ಕು ಸಾವಿರದ ನೂರಿಪ್ಪತ್ತರ ತನಕ ನನ್ನವು ಹಾಗೇ ಇವೆ. ಅಲ್ಲಿಂದಾಚೆ ಬಟಾಬಯಲು.”

ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರ ಓದಿದವಳು ಅವಳು. ಆ ಸಂಖ್ಯೆಯನ್ನು ಅಂಗೈ ಮೇಲೆ ಬರೆದುಕೊಂಡಳು.

“ಈ ಕೆಲಸ ಒಂದು ನಿಮಿಷಕ್ಕೆ ಎಷ್ಟು ಕಾರ್ಡು ಅಳಿಸುತ್ತೆ ಸರ್?”

“ನಲವತ್ತು. ಯಾಕೆ?”

ಅವಳು ಗೇಟಿನ ಕಡೆ ನಡೆದಳು.

*

“ಐದಕ್ಕೆ ಹೋದ್ರು ತಾಯಿ,” ಎಂದ ತಾತ. “ಅಮ್ಮನ ಔಷಧಿ ತಗೊಂಡು ಬರ್ತೀನಿ, ಅಷ್ಟರಲ್ಲಿ ಪುಸ್ತಕ ಬಂದ್ರೆ ಇಟ್ಕೊಂಡಿರು ತಾತಾ ಅಂದ್ರು. ಸಾಹೇಬ್ರಿಗೆ ಹೇಳ್ದೆ. ನೀನು ಐದಕ್ಕೆ ನಿದ್ದೆ ಹೊಡೀತಿರ್ತೀಯ, ನಿನಗೇನು ಗೊತ್ತು ಅಂದ್ರು.”

“ನಿದ್ದೆ ಮಾಡ್ತಿದ್ಯಾ ತಾತ?”

“ದಿನಾ ಮಾಡ್ತೀನಿ. ಅವತ್ತು ಮಾಡ್ಲಿಲ್ಲ.” ಅವನು ರಸ್ತೆಯ ಆಚೆ ಬದಿಗೆ ಕೈ ತೋರಿಸಿದ. “ಅಲ್ಲಿಂದ ಬರ್ತಿದ್ರು. ಹೋಗ್ತಿರ್ಲಿಲ್ಲ — ಬರ್ತಿದ್ರು. ನನ್ನ ಕೈಲಿದ್ದ ಪುಸ್ತಕ ನೋಡಿ ನಕ್ರು.”

ಅವಳು ಒಂದು ಕ್ಷಣ ಗೇಟಿನ ಸರಳು ಹಿಡಿದು ನಿಂತಳು. ಆಮೇಲೆ ಒಳಗೆ ಹೋದಳು.

ಆರನೆಯ ಟರ್ಮಿನಲ್ ಹಜಾರದ ಮೂಲೆಯಲ್ಲಿತ್ತು. ಪಕ್ಕದಲ್ಲಿ ಗಂಡನ ಕೈಬರಹದ ರಟ್ಟು: ‘ಇದು ಮಲಗಿಲ್ಲ, ಕೆಲಸ ಮಾಡುತ್ತಿದೆ. ಎಬ್ಬಿಸಬೇಡಿ.’ ದೊಡ್ಡ ಕೆಲಸ ಹಚ್ಚಿದಾಗಲೆಲ್ಲ ಅದನ್ನು ಕೀಲಿಮಣೆಯ ಮೇಲೆ ಇಟ್ಟು ಹೋಗುವುದು ಅವನ ಪದ್ಧತಿ.

ಪುಸ್ತಕ ಕೊಡುವ ಎರವಲು ಮೇಜಿನ ಅಕ್ಕ ಎದ್ದು ಬಂದು ಅವಳ ಕೈ ಹಿಡಿದಳು. ಹನ್ನೊಂದು ದಿನವೂ ಮನೆಗೆ ಬಂದು ಪಾತ್ರೆ ತೊಳೆದಿದ್ದ ಕೈ ಅದು.

“ಯಾಕಮ್ಮಾ ಇಲ್ಲಿಗೆ ಬಂದೆ? ಏನಾದ್ರೂ ತಿಂದ್ಯಾ?”

“ಇವರ ಪಾಸ್‌ವರ್ಡ್ ಯಾರಿಗೆ ಗೊತ್ತಿತ್ತು ಅಕ್ಕ?”

“ಯಾರಿಗೆ ಗೊತ್ತಿಲ್ಲ ಕೇಳು. ನಿನ್ನ ಹೆಸರು ತಾನೆ. ಅದಕ್ಕೇ ಅವನನ್ನ ರೇಗಿಸ್ತಿದ್ವಿ.”

ಅವಳು ಕುಳಿತು ತನ್ನ ಹೆಸರನ್ನು ತಾನೇ ಒತ್ತಿದಳು. ಗಂಡನ ಖಾತೆ ತೆರೆಯಿತು. ಎಲ್ಲರೂ ನೋಡಿದ್ದು ಮುಗಿದ ಕೆಲಸಗಳ ಪಟ್ಟಿ. ಅವಳು ಚಾಲ್ತಿಯಲ್ಲಿರುವ ಕೆಲಸಗಳ ಪಟ್ಟಿ ತೆರೆದಳು. ಖಾಲಿ ಇರಬೇಕಿತ್ತು.

ಇರಲಿಲ್ಲ.

“ಸರ್,” ಎಂದು ಕರೆದಳು. “ಸ್ವಲ್ಪ ಬರ್ತೀರಾ? ಮೇಷ್ಟ್ರೂ ಬರ್ಲಿ.”

*

ಪರದೆಯ ಮೇಲೆ ಒಂದೇ ಸಾಲು. ಆರಂಭ ೪.೦೦, ಆರನೆಯ ಟರ್ಮಿನಲ್, ಹಳೆಯದನ್ನು ಅಳಿಸು. ಸ್ಥಿತಿ: ಅಂತಿಮ ಉತ್ತರಕ್ಕೆ ಕಾಯುತ್ತಿದೆ.

“ಹನ್ನೊಂದು ದಿನದಿಂದಾ?” ಮುಖ್ಯಸ್ಥರು ಕನ್ನಡಕ ಸರಿಪಡಿಸಿಕೊಂಡರು.

“ಇವರು ಹಚ್ಚಿದ ಕೆಲಸ ಇದು. ನಾಲ್ಕಕ್ಕೆ. ಸರಿಯಾಗೇ ಒತ್ತಿದ್ದಾರೆ ನೋಡಿ — ಹಳೆಯದನ್ನ ಅಳಿಸು ಅಂತ. ರಟ್ಟು ಇಟ್ಟು ಐದಕ್ಕೆ ಹೋದ್ರು. ತಾತ ಹೇಳಿದ್ದು ನಿಜ. ಆಮೇಲೆ ಯಾರೋ ರಟ್ಟು ಎತ್ತಿ ಟರ್ಮಿನಲ್ ಆರಿಸಿ ಹಾಕಿದ್ರು.”

“ಆರಿಸಿದ್ರೆ ಕೆಲಸ ನಿಂತುಹೋಗ್ಬೇಕಲ್ಲ?” ಎಂದರು ಮೇಷ್ಟ್ರು.

“ಇಲ್ಲಿ ಎಲ್ಲರೂ ಹಾಗೇ ಅಂದ್ಕೊಂಡಿದ್ದೀರಿ. ಇವರು ಮನೇಲಿ ಗೊಣಗ್ತಿದ್ರು. ಟರ್ಮಿನಲ್ ಅಂದ್ರೆ ಬರೀ ಕಿಟಕಿ. ಕೆಲಸ ನಡೆಯೋದು ಒಳಕೋಣೆಯ ದೊಡ್ಡ ಕಂಪ್ಯೂಟರ್‌ನಲ್ಲಿ. ಕಿಟಕಿ ಮುಚ್ಚಿದ್ರೆ ಒಳಗಿರೋರು ಸಾಯ್ತಾರಾ ಅಂತ.” ಅವಳು ಪರದೆಯ ಸಾಲಿನ ಮೇಲೆ ಬೆರಳಿಟ್ಟಳು. “ಅಳಿಸೋದೆಲ್ಲ ಮುಗಿಸಿ, ಉತ್ತರ ಕೊಡೋ ಕಿಟಕಿ ಮುಚ್ಚಿದ್ರಿಂದ ಇದು ಇನ್ನೂ ಕಾಯ್ತಿದೆ. ಆರಿಸಿದೋರು ಕೆಲಸ ನಿಂತಿತು ಅಂತ ಹೆದರಿ, ಇವರ ಹೆಸರಲ್ಲೇ ಮತ್ತೊಂದು ಸಲ ಹಚ್ಚಿದ್ರು. ಯಂತ್ರ ತಾನಾಗಿ ತೋರಿಸೋ ಆಯ್ಕೆ ‘ಹೊಸದನ್ನು ಅಳಿಸು’. ಅದನ್ನ ಬದಲಾಯಿಸ್ಬೇಕು ಅಂತ ಅವರಿಗೆ ಗೊತ್ತಿರ್ಲಿಲ್ಲ. ಒಂದು ಕೆಲಸ ಹಳೆಯದನ್ನ ಅಳಿಸ್ತು, ಇನ್ನೊಂದು ಹೊಸದನ್ನ. ಎರಡೂ ಒಟ್ಟಿಗೆ.”

“ಹಾಗಾದ್ರೆ ಮೊದಲ ನಾಲ್ಕು ಸಾವಿರ ಹೇಗೆ ಉಳೀತು?”

“ನಾಲ್ಕರಿಂದ ಐದು ನಲವತ್ಮೂರು — ನೂರ ಮೂರು ನಿಮಿಷ. ನಿಮಿಷಕ್ಕೆ ನಲವತ್ತು. ನಾಲ್ಕು ಸಾವಿರದ ನೂರಿಪ್ಪತ್ತು. ಅಲ್ಲಿವರೆಗೆ ಇವರ ಕೆಲಸ ಒಂಟಿಯಾಗಿತ್ತು. ಎರಡನೇದು ಶುರುವಾದಾಗ ಜೋಡಿ ಇದ್ದ ಕಾರ್ಡುಗಳನ್ನಷ್ಟೇ ಪಟ್ಟಿ ಮಾಡ್ಕೊಂಡು ಅಳಿಸ್ತು, ಒಂಟಿ ಕಾರ್ಡನ್ನ ಮುಟ್ಟಲಿಲ್ಲ.”

ಮೇಷ್ಟ್ರು ಕುರ್ಚಿ ಎಳೆದುಕೊಂಡು ಕುಳಿತುಬಿಟ್ಟರು.

“ಯಾರು?” ಎಂದರು ಮುಖ್ಯಸ್ಥರು. “ಅವರ ಪಾಸ್‌ವರ್ಡ್ ಇಲ್ಲಿ ಎಲ್ಲರಿಗೂ ಗೊತ್ತು.”

ಅವಳು ಚೀಲದಿಂದ ಪುಸ್ತಕ ತೆಗೆದಳು. ಒಳಗಿದ್ದ ಎರವಲು ಚೀಟಿಯನ್ನು ಮೇಜಿನ ಮೇಲಿಟ್ಟಳು. ಇಷ್ಟು ದಿನವೂ ಆ ಚೀಲ ಅವಳ ತಲೆದಿಂಬಿನ ಪಕ್ಕದಲ್ಲೇ ಇತ್ತು. ಚೀಟಿಯನ್ನು ಇವತ್ತಿನ ತನಕ ಅವಳು ಓದಿರಲಿಲ್ಲ.

“ಪುಸ್ತಕ ಕೊಡೋದು ಯಾವಾಗ್ಲೂ ಒಂದನೇ ಟರ್ಮಿನಲ್‌ನಿಂದ. ಈ ಚೀಟಿ ಆರನೇದರಲ್ಲಿ ಅಚ್ಚಾಗಿದೆ. ಹೊತ್ತು ಐದು ನಲವತ್ತೆರಡು. ಎರಡನೇ ಕೆಲಸ ಶುರುವಾಗೋಕೆ ಒಂದು ನಿಮಿಷ ಮುಂಚೆ. ಕೆಳಗೆ ಕೊಟ್ಟೋರ ಸಿಬ್ಬಂದಿ ಸಂಖ್ಯೆ ಇದೆ.”

ಯಾರೂ ಚೀಟಿ ಎತ್ತಿಕೊಳ್ಳಲಿಲ್ಲ. ಎರವಲು ಮೇಜಿನಲ್ಲಿ ಕೂರುವವಳು ಒಬ್ಬಳೇ.

“ನನ್ನ ಟರ್ಮಿನಲ್ ಕೈಕೊಟ್ಟಿತ್ತು,” ಎಂದಳು ಅಕ್ಕ. ದನಿ ತೀರ ಸಣ್ಣದಾಗಿತ್ತು. “ಸಾಲಲ್ಲಿ ಜನ ಗೊಣಗ್ತಿದ್ರು. ‘ನನ್ನ ಹೆಂಡತಿ ಪುಸ್ತಕ ಮರೀಬೇಡಿ ಅಕ್ಕಾ’ ಅಂತ ಅವನು ಹೇಳಿ ಹೋಗಿದ್ದ. ಒಂದು ನಿಮಿಷದ ಕೆಲಸ ಅಂತ ಇದನ್ನ ಆರಿಸಿ, ನನ್ನ ಹೆಸರಲ್ಲಿ ತೆರೆದು ಚೀಟಿ ತೆಗೆದೆ. ಆಮೇಲೆ ಅವನ ಕೆಲಸ ಕೆಡಿಸ್ದೆನಲ್ಲಾ ಅಂತ... ಇದ್ದ ಹಾಗೇ ಮಾಡಿಡೋಣ ಅಂತ...”

“ಕೆಟ್ಟಿದ್ದು ಯಾವಾಗ ಗೊತ್ತಾಯ್ತು?”

“ಮಾರನೇ ದಿನ. ಎಲ್ಲರೂ ಅವನ ಹೆಸರು ಹೇಳ್ತಿದ್ರು. ನಾನು ಸುಮ್ಮನಿದ್ದೆ.”

“ಹನ್ನೊಂದು ದಿನ ನಮ್ಮನೇಲಿ ಇದ್ರಿ ಅಕ್ಕ.”

“ಸತ್ತವನಿಗೆ ಇನ್ನೇನು ನೋವಾಗುತ್ತೆ ಅಂದ್ಕೊಂಡೆ.”

“ಅತ್ತೆ ಬದುಕಿದ್ದಾರೆ,” ಎಂದಳು ಅವಳು.

ಮುಖ್ಯಸ್ಥರು ಅವಳು ತಂದಿದ್ದ ಪತ್ರವನ್ನು ತೆಗೆದುಕೊಂಡು ಎರಡಾಗಿ ಹರಿದರು. ಹೊಸದನ್ನು ತಾವೇ ಕೂತು ಬರೆದು ಅತ್ತೆಯ ಹೆಸರಿಗೆ ಕಳಿಸುವುದಾಗಿ ಹೇಳಿದರು. ಸಾಕ್ಷಿಗೆಂದು ಚೀಟಿಯನ್ನು ಕಡತದಲ್ಲಿಟ್ಟುಕೊಂಡರು. ಮತ್ತೆ ಪರದೆಯ ಕಡೆ ನೋಡಿದರು. “ಇದನ್ನ... ನಾನು ಮುಗಿಸ್ಲಾ?”

“ಬೇಡ ಸರ್.”

ಅವಳು ಸಾಲನ್ನು ಆಯ್ದು ‘ಮುಗಿಸು’ ಒತ್ತಿದಳು. ಖಚಿತವೇ ಎಂದು ಯಂತ್ರ ಕೇಳಿತು. ಹೌದು ಎಂದಳು. ಪಟ್ಟಿ ಬರಿದಾಯಿತು.

ಆಮೇಲೆ ಪುಸ್ತಕ ಹಿಡಿದು ಎರವಲು ಮೇಜಿನ ಮುಂದೆ ಹೋಗಿ ನಿಂತಳು. ಅಕ್ಕ ತನ್ನ ಜಾಗಕ್ಕೆ ಬರಲು ಬಹಳ ಹೊತ್ತು ಹಿಡಿಯಿತು.

“ಇನ್ನೂ ಮೂರು ದಿನ ಇದೆ,” ಎಂದಳು ಅಕ್ಕ, ತಲೆಯೆತ್ತದೆ. “ಓದಿದ್ಯಾ?”

“ಇಲ್ಲ.”

“ಇಟ್ಕೋ ಬೇಕಾದ್ರೆ.”

“ಅವರ ಹೆಸರಲ್ಲಿದೆ. ಇಳಿಸಿಬಿಡಿ.”

ಒಂದನೆಯ ಟರ್ಮಿನಲ್‌ನಿಂದ ಹೊಸ ಚೀಟಿ ಹೊರಬಂತು. ಮೇಲೆ ಗಂಡನ ಹೆಸರು. ಕೆಳಗೆ: ಹಿಂತಿರುಗಿಸಬೇಕಾದ ಪುಸ್ತಕಗಳು — ಇಲ್ಲ.

ಅತ್ತೆಗೆ ತೋರಿಸಲೆಂದು ಅವಳು ಅದನ್ನು ಮಡಚದೆ, ಅಂಗೈಯಲ್ಲಿ ಹಿಡಿದು ಹೊರಟಳು.