ಹೊದಿಕೆ ಎಳೆದ ಮೇಜು

ಉಣ್ಣೆಗೆ ಬಣ್ಣ ಹಾಕುವವನು ಎಂದಿನಂತೆ ಬಾಗಿಲಲ್ಲಿ ಕೆಮ್ಮಿದ ಕೂಡಲೇ ಅವಳ ಕೈ ಹಳೆಯ ಬೆಡ್‌ಶೀಟಿಗೆ ಹೋಯಿತು. ಮೇಜಿನ ಮೇಲೆ ಹರಡಿದ್ದ ಅರ್ಧ ಕೆಲಸದ ಸ್ಕಾರ್ಫು ಒಂದೇ ಎಳೆತಕ್ಕೆ ಮುಚ್ಚಿಹೋಯಿತು. ಆಮೇಲೆ ಏಪ್ರನ್ನಿಗೆ ಕೈ ಒರೆಸಿಕೊಂಡು, "ಬನ್ನಿ" ಎಂದಳು.

ಅವನು ಉಣ್ಣೆಯ ಕಟ್ಟುಗಳನ್ನು ಸ್ಟೂಲಿನ ಮೇಲಿಟ್ಟ. ಮುಚ್ಚಿದ ಮೇಜಿನ ಕಡೆ ಒಮ್ಮೆ ನೋಡಿ, ನೋಡಲೇ ಇಲ್ಲವೆಂಬಂತೆ ಕಿಟಕಿಯ ಕಡೆ ತಿರುಗಿದ.

"ಈ ಸಲದ ನೀಲಿ ಹೇಗಿದೆ ನೋಡಿ."

ಅವಳು ಒಂದು ಹಿಡಿ ಉಣ್ಣೆಯನ್ನು ಬೆಳಕಿಗೆ ಹಿಡಿದು ಎಳೆದಳು. ಹೊಗೆಯ ಹಾಗೆ ಬಿಡಿಬಿಡಿಯಾಗಿ ಬಂತು. ಮೊದಲೆಲ್ಲ ಹೀಗಿರಲಿಲ್ಲ. ಇವನ ಉಣ್ಣೆ ಗಂಟುಗಂಟಾಗಿರುತ್ತಿತ್ತು. ಬಿಡಿಸುವಷ್ಟರಲ್ಲಿ ಮಣಿಕಟ್ಟು ಸೋತುಹೋಗುತ್ತಿತ್ತು. ಎರಡು ತಿಂಗಳಿಂದ ಇದ್ದಕ್ಕಿದ್ದಂತೆ ಹೂವಿನಷ್ಟು ಮೆತ್ತಗೆ. ಅದೂ ಅವಳಿಗೆ ಅನುಮಾನವೇ. ಸುಮ್ಮಸುಮ್ಮನೆ ಯಾರೂ ಒಳ್ಳೆಯವರಾಗುವುದಿಲ್ಲ.

"ಏನು ಮಾಡಿದ್ರಿ ಇದಕ್ಕೆ?"

"ಏನಿಲ್ಲ."

"ಏನೂ ಮಾಡದೆ ಹೀಗಾಗುತ್ತಾ?"

"ನಿಮ್ಮ ಮೇಜಿನ ಗುಟ್ಟು ನಾನು ಕೇಳಿದ್ನಾ? ನನ್ನ ಹಂಡೆ ಗುಟ್ಟು ನಿಮಗ್ಯಾಕೆ?"

ಹೇಳುತ್ತ ನಕ್ಕ. ನಗು ಬಾಯಿಯ ಒಂದೇ ಬದಿಗೆ ಬರುತ್ತಿತ್ತು. ಕಿವಿಯ ತುದಿಯಲ್ಲಿ ತೊಳೆದರೂ ಹೋಗದ ಒಂದು ನೀಲಿ ಗೆರೆ. ಅದನ್ನು ತಾನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನೋಡಿದೆನೆಂದು ಅವಳಿಗೆ ಹೊಳೆಯುವಷ್ಟರಲ್ಲಿ, ಅವನು ಬಗ್ಗಿ ನೆಲದ ಮೇಲಿದ್ದ ರೇಷ್ಮೆಯ ತುಂಡೊಂದನ್ನು ಎತ್ತಿಕೊಂಡಿದ್ದ.

"ಇದು ಬೇಕಾ ನಿಮಗೆ?"

"ಗುಡಿಸಿ ಹಾಕೋದು ತಾನೆ."

"ಬಣ್ಣ ಹಿಡಿಯುತ್ತಾ ನೋಡಬೇಕಿತ್ತು." ಜೇಬಿಗಿಟ್ಟು ಹೊರಟುಹೋದ.

ಅದು ನಾಲ್ಕನೆಯ ತುಂಡು. ಮೊದಲ ಮೂರೂ ಅವಳಿಗೆ ನೆನಪಿದ್ದವು.

ಒಳಕೋಣೆಯಲ್ಲಿ ಸ್ಕಾರ್ಫುಗಳ ಅಂಚು ಕತ್ತರಿಸುತ್ತಿದ್ದ ಚಿಕ್ಕಮ್ಮ ಕೂತಲ್ಲಿಂದಲೇ ಹೇಳಿದಳು: "ಚಿಂದಿ ಆಯೋಕೆ ಯಾರಾದ್ರೂ ವಾರಕ್ಕೆ ಎರಡು ಸಲ ಬರ್ತಾರೇನೇ? ನಿನ್ನ ನೋಡೋಕೆ ಬರ್ತಾನೆ."

"ಬರೋರೆಲ್ಲ ನನ್ನನ್ನೇ ನೋಡೋಕೆ ಬರೋದಿಲ್ಲ ಚಿಕ್ಕಮ್ಮ."

"ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ."

"ಬಣ್ಣ ಹಾಕೋನು ಅವನು. ತಪ್ಪು ಮಾತ್ರ ನನ್ನ ಕಣ್ಣಿನದಾ?"

ಚಿಕ್ಕಮ್ಮ ಮತ್ತೆ ಕತ್ತರಿ ಆಡಿಸತೊಡಗಿದಳು. ಆ ಕಣ್ಣಿಗೆ ಹಳದಿ ಬಂದದ್ದು ಎಲ್ಲಿಂದ ಎಂದು ಅವಳಿಗೂ ಗೊತ್ತಿತ್ತು. ಹಿಂದೆ ಇದೇ ಮೇಜಿಗೆ ಒಬ್ಬ ಗೆಳತಿ ಬರುತ್ತಿದ್ದಳು. ತೆಳು ರೇಷ್ಮೆಯ ಮೇಲೆ ಉಣ್ಣೆಯ ಎಳೆ ಹರಡುವುದು, ಸೋಪಿನ ನೀರು ಚಿಮುಕಿಸುವುದು, ಬಲೆ ಮುಚ್ಚಿ ಉಜ್ಜುವುದು, ಕೋಲಿಗೆ ಸುತ್ತಿ ನೂರಾರು ಸಲ ಉರುಳಿಸುವುದು, ಸೂಜಿಯಿಲ್ಲದೆ ದಾರವಿಲ್ಲದೆ ಎರಡನ್ನೂ ಒಂದೇ ಬಟ್ಟೆ ಮಾಡುವುದು, ಎಲ್ಲವನ್ನೂ ಅವಳು ಇಲ್ಲೇ ಕಲಿತಳು. ಈ ಕಸುಬಿಗಿರುವ ನೂನೋ ಫೆಲ್ಟ್ ಎಂಬ ಹೆಸರನ್ನೂ ಇಲ್ಲೇ ಕೇಳಿದ್ದು. ಒಂದೇ ತಟ್ಟೆಯಲ್ಲಿ ಉಂಡವಳು ಮೂರನೆಯ ವರ್ಷ ಎರಡು ಬೀದಿ ಆಚೆ ಅಂಗಡಿ ತೆರೆದಳು. ಗಾಜಿನ ಹಿಂದೆ ನೇತುಹಾಕಿದ್ದು ಇವಳದೇ ಎಲೆಯ ವಿನ್ಯಾಸ. ಬೆಡ್‌ಶೀಟು ಮೇಜಿಗೆ ಬಂದದ್ದು ಆಮೇಲೆ.

ವಿನ್ಯಾಸ ಹೋದರೆ ಇನ್ನೊಂದು ಹುಟ್ಟೀತು. ಆದರೆ ಇವನೂ ಅಂಥವನೇ ಎಂದಾದರೆ, ವಾರದ ಆ ಎರಡು ದಿನಗಳೇ ಅವಳಿಗೆ ಇಲ್ಲವಾಗುತ್ತಿದ್ದವು. ಅವನು ಬರುವ ದಿನ ಬೆಳಗಿನಿಂದಲೇ ಬೀದಿಯ ಸದ್ದಿಗೆ ಕಿವಿಗೊಟ್ಟಿರುವುದನ್ನು ಅವಳು ಯಾರ ಬಳಿಯೂ ಒಪ್ಪಿಕೊಂಡಿರಲಿಲ್ಲ.

ಎರಡು ದಿನ ತಡೆದಳು. ಮೂರನೆಯ ದಿನ ಮಧ್ಯಾಹ್ನದ ಹೊತ್ತಿಗೆ, ಬೂದು ಉಣ್ಣೆ ಸಾಲದು ಎಂಬ ನೆಪ ಕಟ್ಟಿಕೊಂಡು ಅವನ ಬಣ್ಣದ ಮನೆಗೆ ನಡೆದಳು.

ಒಳಗೆ ಹಬೆ. ಸಾಲು ಹಂಡೆಗಳು. ಹಗ್ಗದ ಮೇಲೆ ನೇತಾಡುವ ಉಣ್ಣೆಯಿಂದ ಹನಿ ಬಿದ್ದು ನೆಲದ ತೋಡಿನಲ್ಲಿ ಕೆಂಪೂ ಹಸಿರೂ ಕೂಡಿ ಹರಿಯುತ್ತಿದ್ದವು. ಅವನು ಕಾಣಲಿಲ್ಲ. ಕಂಡದ್ದು ಹಿಂದಿನ ಮೇಜು: ಸೋಪಿನ ಬಿಲ್ಲೆ, ಬಲೆ, ಉರುಳಿಸುವ ಕೋಲು. ಪಕ್ಕದಲ್ಲಿ ಅವಳ ರೇಷ್ಮೆಯ ನಾಲ್ಕು ತುಂಡುಗಳು, ಉದ್ದಕ್ಕೆ ಹೊಲಿದು ಸೇರಿಸಿದ್ದು, ಮೇಲೆ ಉಣ್ಣೆ.

ಎಲ್ಲ ಅವಳ ಮೇಜಿನದೇ ನಕಲು. ಇಷ್ಟು ದಿನ ಅನುಮಾನ ಪಟ್ಟದ್ದು ನಿಜವಾಗಲೆಂದು ಅಲ್ಲ, ಸುಳ್ಳಾಗಲೆಂದು ಎಂಬುದು ಆಗ ತಿಳಿಯಿತು.

ಬಕೆಟ್ ಹಿಡಿದು ಬಂದವನು ಅಲ್ಲೇ ನಿಂತ. "ಕೆಮ್ಮದೇ ಬಂದುಬಿಟ್ರಿ."

"ಕೆಮ್ಮಿದ್ರೆ ನೀವು ಇದನ್ನ ಮುಚ್ಚಿಡ್ತಿದ್ರಿ."

"ಹೌದು, ಮುಚ್ಚಿಡ್ತಿದ್ದೆ."

"ಯಾರಿಗೆ ಮಾಡ್ತಿದೀರಿ? ಆ ಅಂಗಡಿಯವಳಿಗಾ?"

"ಯಾವ ಅಂಗಡಿ?"

"ಗೊತ್ತಿಲ್ಲದೋರ ಹಾಗೆ ಮಾತಾಡಬೇಡಿ. ಒಂದು ಸಲ ಮೋಸ ಹೋಗಿದೀನಿ. ಎರಡನೇ ಸಲಕ್ಕೆ ನಂಗೆ ಶಕ್ತಿ ಇಲ್ಲ."

ಅವನು ಬಕೆಟ್ ಕೆಳಗಿಟ್ಟು, ಆ ಪಟ್ಟಿಯನ್ನು ಎತ್ತಿ ಅವಳ ಕೈಗೆ ಕೊಟ್ಟ. "ಮೊದಲು ನೋಡಿ. ಆಮೇಲೆ ಬೈರಿ. ಬೈಯೋಕೆ ಸರಿಯಾದ ಕಾರಣ ಸಿಗುತ್ತೆ."

ಕೋಪವಿದ್ದರೂ ಕೈ ತನ್ನ ಕಸುಬು ಮರೆಯಲಿಲ್ಲ. ಅಂಚಿಗೆ ಉಗುರು ಹಾಕಿದಳು. ಉಣ್ಣೆಯೆಲ್ಲ ಒಂದೇ ಹಾಳೆಯಾಗಿ, ಹಾಲಿನ ಕೆನೆಯ ಹಾಗೆ ಎದ್ದು ಬಂತು. ಮಗುಚಿ ನೋಡಿದಳು. ರೇಷ್ಮೆ ನುಣ್ಣಗಿತ್ತು, ಉಣ್ಣೆಯ ಒಂದು ಎಳೆಯೂ ಅದನ್ನು ದಾಟಿ ಆಚೆ ಬಂದಿರಲಿಲ್ಲ.

"ಬಿಸಿನೀರು ಹಾಕಿದ್ರಾ?"

"ಕುದಿಯೋ ನೀರು. ಬಣ್ಣಕ್ಕೆ ಅದೇ ತಾನೆ ಹಾಕೋದು."

"ಮೊದಲಿಂದಲೇ?"

"ಮೊದಲಿಂದಲೇ. ಐದು ಸಲ ಆಯ್ತು. ಸುಲಿದು ಹೋಗುತ್ತೆ, ಮತ್ತೆ ಹರಡ್ತೀನಿ, ಮತ್ತೆ ಸುಲಿದು ಹೋಗುತ್ತೆ."

ಅವಳು ಅವನನ್ನೇ ನೋಡಿದಳು. ಬಿಸಿನೀರು ಬಿದ್ದರೆ ಉಣ್ಣೆ ಗಾಬರಿಬಿದ್ದು ತನ್ನನ್ನು ತಾನೇ ಹಿಡಿದುಕೊಳ್ಳುತ್ತದೆ. ರೇಷ್ಮೆಯೊಳಗೆ ಇಳಿಯುವುದೇ ಇಲ್ಲ. ಮೊದಲು ತಣ್ಣೀರು, ಹಗುರ ಅಂಗೈ. ಬಿಸಿ ಏನಿದ್ದರೂ ಕೊನೆಗೆ. ಇದು ಆ ಗೆಳತಿ ಮೊದಲ ದಿನವೇ ಕಲಿತ ಪಾಠ. ಬೆಡ್‌ಶೀಟಿನ ಅಂಚು ಎತ್ತಿ ಒಮ್ಮೆ ಇಣುಕಿದವನಿಗೂ ತಿಳಿಯುವಂಥದ್ದು. ಐದು ಸಲ ಈ ತಪ್ಪು ಮಾಡಬೇಕಾದರೆ ಹಂಡೆಯ ಮುಂದೆಯೇ ಬೆಳೆದಿರಬೇಕು, ಅವಳ ಮೇಜನ್ನು ಒಮ್ಮೆಯೂ ಕದ್ದು ನೋಡಿರಬಾರದು.

ನಗು ಬಂತು. ತಡೆದುಕೊಂಡಳು. ಇನ್ನೂ ಒಂದು ಪ್ರಶ್ನೆ ಉಳಿದಿತ್ತು.

"ಮತ್ತೆ ಯಾಕೆ ಇದೆಲ್ಲ?"

"ನೀವು ಮಣಿಕಟ್ಟಿಗೆ ಪಟ್ಟಿ ಸುತ್ಕೊಂಡಿದ್ರಿ. ನನ್ನ ಉಣ್ಣೆ ಗಟ್ಟಿಯಾಯ್ತಾ ಅಂತ ಕೇಳಿದ್ರೆ ಇಲ್ಲ ಅಂದ್ರಿ. ಸುಳ್ಳು." ಅವನು ಹಂಡೆಯ ಕಡೆ ತಿರುಗಿ ಹೇಳುತ್ತಿದ್ದ. "ನಿಮ್ಮನ್ನ ಕೇಳಿ ಉಪಯೋಗ ಇಲ್ಲ ಅಂತ ನಾನೇ ಕೂತು ಬಿಡಿಸಿ, ರೇಷ್ಮೆ ಮೇಲೆ ಹರಡಿ ನೋಡ್ದೆ. ಕೈ ಬಿದ್ದುಹೋಯ್ತು. ಕುದಿಯೋವಾಗ ನಾನು ಕದಡಿ ಕದಡಿನೇ ಗಂಟಾಗ್ತಿತ್ತು. ಈಗ ಕದಡೋದಿಲ್ಲ. ತಾನಾಗೇ ಆರೋಕೆ ಬಿಡ್ತೀನಿ. ಒಂದು ಹಂಡೆಗೆ ಒಂದು ದಿನ ಹಿಡಿಯುತ್ತೆ, ಹಿಡೀಲಿ."

ಎರಡು ತಿಂಗಳ ಮೆತ್ತನೆಯ ಉಣ್ಣೆ ಅವಳ ಬೆರಳುಗಳಿಗೆ ನೆನಪಾಯಿತು.

"ಉಣ್ಣೆ ಸರಿಹೋಯ್ತಲ್ಲ. ಆಮೇಲೂ ಯಾಕೆ ನಿಲ್ಲಿಸ್ಲಿಲ್ಲ?"

ಅವನ ಕಿವಿ ನೀಲಿ ಗೆರೆಯ ಸುತ್ತ ಕೆಂಪಾಯಿತು.

"ಒಂದಾದ್ರೂ ಸರಿಯಾಗಿ ಬಂದ್ರೆ ನಿಮಗೆ ಕೊಡೋಣ ಅಂತ. ಎಲ್ಲರ ಕುತ್ತಿಗೆಗೂ ಮಾಡ್ತೀರಿ. ನಿಮ್ಮ ಕುತ್ತಿಗೇಲಿ ಒಂದೂ ಕಂಡಿಲ್ಲ ನಾನು."

ಅವಳು ಸುಲಿದ ಉಣ್ಣೆಯನ್ನು ಮತ್ತೆ ರೇಷ್ಮೆಯ ಮೇಲಿಟ್ಟು ಅಂಗೈಯಿಂದ ಸವರಿದಳು.

"ಗುರುವಾರ ಬನ್ನಿ. ಅಷ್ಟರಲ್ಲಿ ಆ ಕೆಮ್ಮಿಗೆ ಏನಾದ್ರೂ ತಗೊಳ್ಳಿ."

"ನಂಗೆಲ್ಲಿ ಕೆಮ್ಮು? ನಿಮಗೆ ಮುಚ್ಚೋಕೆ ಟೈಮ್ ಬೇಕಲ್ಲ ಅಂತ ಕೆಮ್ತಿದ್ದೆ."

ಅವಳು ಬೂದು ಉಣ್ಣೆ ಕೇಳುವುದನ್ನೂ ಮರೆತು ಮನೆಗೆ ಬಂದಳು.

ಗುರುವಾರ ಅವನು ಅಭ್ಯಾಸಬಲದಿಂದ ಬಾಗಿಲಲ್ಲಿ ಕೆಮ್ಮಿ, ಬೀದಿಯ ಕಡೆ ಮುಖ ತಿರುಗಿಸಿ ನಿಂತ.

"ಬೆಡ್‌ಶೀಟು ಒಗೆಯೋಕೆ ಹಾಕಿದೀವಿ ಕಣಪ್ಪ," ಎಂದಳು ಚಿಕ್ಕಮ್ಮ. "ಒಳಗೆ ಬಾ."

ಮೇಜಿನ ಮೇಲೆ ಬಿಳಿ ರೇಷ್ಮೆ ತೆರೆದೇ ಇತ್ತು. ಅದರ ಮೇಲೆ ಅವನದೇ ನೀಲಿ. ಅವಳು ನೀರು ಚಿಮುಕಿಸಿ ಬಲೆ ಹಾಸಿದಳು.

"ತಣ್ಣಗಿದೆಯಲ್ಲ," ಎಂದ ಅವನು.

"ಹಾಗೇ ಇರಬೇಕು. ಒತ್ತಬೇಡಿ. ಇಷ್ಟೇ." ಅವಳು ಅವನ ಅಂಗೈಯ ಮೇಲೆ ತನ್ನ ಅಂಗೈ ಇಟ್ಟಳು. ಇಬ್ಬರ ಕೈಗಳೂ ಸೋಪಿನಿಂದ ಜಾರುತ್ತಿದ್ದವು, ಆದರೂ ಬಿಡಲಿಲ್ಲ.

"ನಿಮ್ಮ ಗುಟ್ಟು ನಾನು ಹೊರಗೆ ಹೇಳಿದ್ರೆ?"

"ಹೇಳಿ. ಐದು ಸಲ ಸುಲಿದೋನ ಮಾತು ಯಾರು ನಂಬ್ತಾರೆ?"

ಒಳಕೋಣೆಯಲ್ಲಿ ಕತ್ತರಿಯ ಸದ್ದು ನಿಂತಿತು. ಸ್ವಲ್ಪ ಹೊತ್ತು ಬಿಟ್ಟು, ಏನೂ ಕೇಳಿಸಲಿಲ್ಲವೆಂಬಂತೆ ಮತ್ತೆ ಶುರುವಾಯಿತು.

ಬಹಳ ಹೊತ್ತಿನ ಮೇಲೆ ಅವಳು ಒಂದು ಮೂಲೆ ಎತ್ತಿ, ರೇಷ್ಮೆಯನ್ನು ಮಗುಚಿ, ಕಿಟಕಿಯ ಬೆಳಕಿಗೆ ಹಿಡಿದಳು. ಬಿಳಿಯಲ್ಲಿ ಕೂದಲಿಗಿಂತ ತೆಳ್ಳಗೆ ಒಂದು ನೀಲಿ ಎಳೆ ಈಚೆ ಬಂದು ನಿಂತಿತ್ತು.

"ಬಂತು," ಎಂದಳು.

ಅವನು ಬಗ್ಗಿ, ಕಣ್ಣು ಕಿರಿದು ಮಾಡಿ ಹುಡುಕಿದ. "ಒಂದೇ ಎಳೆ."

"ಮೊದಲು ಬರೋದು ಒಂದೇ," ಎಂದು ಅವಳು ಮತ್ತೆ ಅವನ ಕೈ ಹಿಡಿದು ಬಲೆಯ ಮೇಲಿಟ್ಟಳು.